ತಂತಿಯ ಕೊನೆಯ ಬಲೂನು

ಬಲೂನಕ್ಕನ ಜತೆ ಜಗಳವಾಡದೆ ಆ ಕಚೇರಿಯಲ್ಲಿ ಒಂದು ವಾರ ಕಳೆದವರಿರಲಿಲ್ಲ. ಅದು ಯುದ್ಧದ ಚಿತ್ರಕಥೆಗಳ ವಾರಪತ್ರಿಕೆ, ಹೆಸರು ‘ಉಕ್ಕಿನ ತುಕಡಿ’. ಚಿತ್ರಗಾರ ಬರೆದು ಮುಗಿಸಿದ ಪುಟಗಳಲ್ಲಿ ಸೈನಿಕರ ಬಾಯಿಂದ ಹೊರಡುವ ಬಿಳಿ ಗುಳ್ಳೆಗಳು ಖಾಲಿ ಇರುತ್ತಿದ್ದವು. ಅವುಗಳೊಳಗೆ ಕೈಯಿಂದ ಮಾತು ಬರೆದು ತುಂಬುವುದು ಅವಳ ಕೆಲಸ. ಗುಳ್ಳೆಗೆ ಅಲ್ಲಿ ಬಲೂನು ಅನ್ನುತ್ತಿದ್ದರು, ಹಾಗಾಗಿ ಅವಳು ಬಲೂನಕ್ಕ. ನಲವತ್ತೆಂಟು ವರ್ಷ, ದಪ್ಪ ಕನ್ನಡಕ, ಪೆನ್ನು ಒತ್ತಿ ಒತ್ತಿ ಬಲಗೈಯ ನಡುಬೆರಳಲ್ಲಿ ಕಡಲೆಕಾಳಿನಷ್ಟು ಗಂಟು, ಮತ್ತು ಮುಖ ಮೋರೆ ನೋಡದ ನಾಲಿಗೆ.

ಅಕ್ಷರ ಕಲಿಸಿದವನು ಅಪ್ಪ. ಅಂಗಡಿಗಳ ಬೋರ್ಡು ಬರೆಯುತ್ತಿದ್ದ. “ಅಕ್ಷರಕ್ಕೆ ಹೊಟ್ಟೆ ಇರ್ಬೇಕು ಮಗಳೇ, ಉಪವಾಸ ಬಿದ್ದೋರ ಥರ ಕಾಣಬಾರ್ದು” ಎಂದು ಏಣಿಯ ಮೇಲಿನಿಂದಲೇ ಹೇಳುತ್ತಿದ್ದ. ಬಣ್ಣದ ಡಬ್ಬಿ ಹಿಡಿದು ಕೆಳಗೆ ನಿಂತ ಮಗಳು ಹತ್ತು ವರ್ಷಕ್ಕೇ ಅವನಿಗಿಂತ ದುಂಡಗೆ ಬರೆಯುತ್ತಿದ್ದಳು.

ಕಚೇರಿ ಮೂರನೇ ಮಹಡಿಯಲ್ಲಿತ್ತು. ಕೆಳಗೆ ಅಚ್ಚಿನ ಮನೆ. ಗುರುವಾರ ಯಂತ್ರ ಓಡತೊಡಗಿದರೆ ಮಹಡಿಯ ಹಲಗೆ ನಡುಗುತ್ತಿತ್ತು, ಅವಳ ನಿಬ್ಬೂ ನಡುಗುತ್ತಿತ್ತು. ಆದ್ದರಿಂದ ಬುಧವಾರ ಸಂಜೆಯೊಳಗೆ ಹದಿನಾರು ಪುಟವೂ ಮುಗಿಯಲೇಬೇಕು. ಇಳಿಜಾರಿನ ಮೇಜು, ಮಗುಚದ ಹಾಗೆ ಮರದ ಕುಳಿಯಲ್ಲಿ ಕೂರಿಸಿದ ಶಾಯಿ ಬಾಟಲಿ, ತಪ್ಪು ಮುಚ್ಚಲು ಒಂದು ಚಿಪ್ಪು ಬಿಳಿ ಬಣ್ಣ. ಪ್ರತಿ ಬಲೂನಿನಲ್ಲೂ ಮೊದಲು ಪೆನ್ಸಿಲಿನಿಂದ ತೆಳ್ಳಗೆ ಗೆರೆ ಹಾಕಿಕೊಳ್ಳುವಳು, ಒತ್ತಕ್ಷರ ಇಳಿಯಲು ಗೆರೆಯ ಕೆಳಗೆ ಅರ್ಧ ಬೆರಳು ಜಾಗ ಬಿಟ್ಟು. ಕಥೆ ಬರೆಯುವವನ ಜತೆ ಅವಳ ದಿನನಿತ್ಯದ ಜಗಳ ಈ ಅರ್ಧ ಬೆರಳಿನದೇ.

ಅವನನ್ನು ಎಲ್ಲರೂ ಕಮಾಂಡರ್ ಅನ್ನುತ್ತಿದ್ದರು. ಸೈನ್ಯದ ಗೇಟನ್ನೂ ಕಂಡವನಲ್ಲ. ಆದರೆ ಬೂಟು ಹಾಕಿಕೊಂಡು ಟಕಟಕ ನಡೆಯುತ್ತಿದ್ದ, ಗಂಟೆ ಕೇಳಿದರೆ “ಹದಿನಾಲ್ಕು ಮೂವತ್ತು” ಅನ್ನುತ್ತಿದ್ದ. ಮೂವತ್ತೈದರ ಆಸುಪಾಸಿನ ಗಂಡಸು. ಉದ್ದುದ್ದ ಸಮಾಸಗಳೆಂದರೆ ಅವನಿಗೆ ಪ್ರಾಣ.

“ನಿಮ್ಮ ‘ಸರ್ವಸ್ವಾರ್ಪಣೆ’ ಈ ಬಲೂನಲ್ಲಿ ಹಿಡಿಯಲ್ಲ. ಒಂದೋ ಬಲೂನು ದೊಡ್ದು ಮಾಡ್ಸಿ, ಇಲ್ಲ ಅವನ ದೇಶಭಕ್ತಿ ಸಣ್ಣದು ಮಾಡಿ” ಎಂದು ಅವಳು ಹಾಳೆ ವಾಪಸು ತಳ್ಳುತ್ತಿದ್ದಳು.

ತುಕಡಿಯಲ್ಲಿ ಓದುಗರು ಹೆಚ್ಚು ಪ್ರೀತಿಸುತ್ತಿದ್ದ ಪಾತ್ರ ತಂತಿ. ವೈರ್‌ಲೆಸ್ ಪೆಟ್ಟಿಗೆ ಹೊರುವ ಸಣಕಲ. ಗುಂಡಿನ ಮಳೆಯ ನಡುವೆಯೂ ಕ್ಯಾಪ್ಟನನ ಮೀಸೆಯನ್ನು ಆಡಿಕೊಳ್ಳುತ್ತಿದ್ದ. ಅವನ ಮಾತು ಬರೆಯುವಾಗ ಬಲೂನಕ್ಕ ಅಕ್ಷರಗಳನ್ನು ಕೂದಲೆಳೆಯಷ್ಟು ಬಲಕ್ಕೆ ಓರೆ ಮಾಡುತ್ತಿದ್ದಳು, ಗೋಡೆಗೆ ಒರಗಿ ಮಾತಾಡುವವನ ಹಾಗೆ. ಯಾರೂ ಹೇಳಿಕೊಟ್ಟದ್ದಲ್ಲ. ಹನ್ನೊಂದು ವರ್ಷ ಹಾಗೆಯೇ ಬರೆದಿದ್ದಳು. ಚಿತ್ರಗಾರನಿಗೂ ಇದು ಗೊತ್ತಿರಲಿಲ್ಲ.

ಒಂದು ಸೋಮವಾರ ಬಂದ ಕಥೆಯಲ್ಲಿ ತಂತಿ ಸಾಯುತ್ತಿದ್ದ.

ತುಕಡಿ ಹಿಮ್ಮೆಟ್ಟುತ್ತಿದೆ. ತಂತಿಯ ಹೊಟ್ಟೆಗೆ ಗುಂಡು ಬಿದ್ದಿದೆ. ಗುಪ್ತ ಸಂಕೇತಗಳೆಲ್ಲ ಅವನ ತಲೆಯಲ್ಲಿವೆ, ಶತ್ರುಗಳು ಅರ್ಧ ಮೈಲಿ ಹಿಂದಿದ್ದಾರೆ. ಹೊತ್ತುಕೊಂಡು ಹೋಗಲು ಆಗುವುದಿಲ್ಲ, ಬಿಟ್ಟು ಹೋದರೆ ಹಿಡಿದು ಬಾಯಿ ಬಿಡಿಸುತ್ತಾರೆ. ಕ್ಯಾಪ್ಟನ್ ಪಿಸ್ತೂಲು ತೆಗೆಯುತ್ತಾನೆ. ಗುಂಡು ಹಾರುವುದಕ್ಕೆ ಮುಂಚಿನ ಚೌಕಟ್ಟಿನಲ್ಲಿ ತಂತಿ ನಗುತ್ತಾ ಹೇಳುತ್ತಾನೆ: “ಕ್ಯಾಪ್ಟನ್, ನಾನು ನಿಮಗೆ ಕೃತಜ್ಞ. ನೀವು ನನಗೆ ಮುಕ್ತಿ ಕೊಟ್ಟಿರಿ.” ಮುಂದಿನ ಚೌಕಟ್ಟಿನಲ್ಲಿ ಸದ್ದು, ಹಾರುವ ಹಕ್ಕಿಗಳು.

ಅವಳು ಎರಡು ಸಲ ಓದಿ, ಕನ್ನಡಕ ಹಣೆಗೆ ಏರಿಸಿ, ಕಮಾಂಡರ್ ಕೂತಿದ್ದ ಕಡೆಗೆ ಹೋದಳು.

“ಇದು ಯಾರ ಮಾತು ಸಾಹೇಬ್ರೇ?”

“ತಂತೀದು.”

“ತಂತಿ ಹನ್ನೊಂದು ವರ್ಷದಲ್ಲಿ ‘ಕೃತಜ್ಞ’ ಅಂದಿದ್ದು ಒಂದು ಸಲ ತೋರ್ಸಿ.”

“ಸಾಯೋವಾಗ ಮನುಷ್ಯ ಗಂಭೀರವಾಗ್ತಾನೆ ಅಕ್ಕ.”

“ನೀವು ಎಷ್ಟು ಸಲ ಸತ್ತು ನೋಡಿದ್ದೀರಿ?”

ಪಕ್ಕದ ಮೇಜಿನಲ್ಲಿ ಚಿತ್ರಗಾರ ಕಿಸಕ್ಕೆಂದ. ಕಮಾಂಡರನ ಕಿವಿ ಕೆಂಪಾಯಿತು. “ಹೋಗ್ಲಿ, ‘ಥ್ಯಾಂಕ್ಸ್ ಸಾರ್’ ಅಂತ ಬರ್ಕೊಳ್ಳಿ. ನಿಮ್ಮ ಜಾಗಾನೂ ಉಳಿಯುತ್ತೆ” ಎಂದ.

“ಇದು ಜಾಗದ ಜಗಳ ಅಲ್ಲ. ಕೊಲ್ಲೋದಾದ್ರೆ ಕೊಲ್ಲಿ. ಕೊಂದು, ಅವನ ಬಾಯಲ್ಲೇ ಉಪಕಾರ ಆಯ್ತು ಅಂತ ಹೇಳಿಸ್ಬೇಡಿ.”

ಮಾತು ಏರಿತು. ಇಬ್ಬರೂ ಹಾಳೆ ಹಿಡಿದು ಸಂಪಾದಕರ ಕೋಣೆಗೆ ಹೋದರು. ಸಂಪಾದಕರದು ಮೆಲುದನಿ. ಆ ಮೆಲುದನಿಯಲ್ಲೇ ಎಷ್ಟೋ ಜನರನ್ನು ಮನೆಗೆ ಕಳಿಸಿದವರು. ಪೆನ್ಸಿಲು ಚೂಪು ಮಾಡುತ್ತಾ ತಲೆ ಎತ್ತದೆ ಕೇಳಿಸಿಕೊಂಡರು.

“ತಂತಿ ಸಾಯಬಾರ್ದು ಅಂತೀರೇನಮ್ಮ?”

“ಸಾಯ್ಲಿ ಸಾರ್, ಯುದ್ಧದ ಕಥೆ. ಕ್ಯಾಪ್ಟನ್ನೇ ಹೊಡೀಲಿ. ಹೊಡೆದಿದ್ದನ್ನ ಎದೆ ಮೇಲೆ ಹೊತ್ಕೊಂಡು ಮುಂದಿನ ವಾರ ಬರ್ಲಿ. ಹೊಡೀರಿ ಅಂತ ತಂತಿ ಕೇಳೇ ಇಲ್ವಲ್ಲ, ಮತ್ತೆ ಯಾವುದಕ್ಕೆ ಸಾರ್ ಥ್ಯಾಂಕ್ಸು?”

ಕಮಾಂಡರ್ ಮೇಜಿನ ಮೇಲೆ ಕೈ ಊರಿದ. “ಇಪ್ಪತ್ತು ಜನರ ಪ್ರಾಣ ಅವನ ತಲೇಲಿದೆ. ಸಿಕ್ಕಿಬಿದ್ರೆ ಚರ್ಮ ಸುಲೀತಾರೆ. ಕ್ಯಾಪ್ಟನ್ ಮಾಡಿದ್ದು ತಪ್ಪು ಅಂತ ಹೇಳಿ ನೋಡೋಣ!”

“ತಪ್ಪೋ ಸರೀನೋ ಓದೋರು ಯೋಚ್ನೆ ಮಾಡ್ಲಿ. ನೀವೇ ತೀರ್ಪು ಬರ್ದು ಹೆಣದ ಬಾಯಿಗೆ ತುರುಕ್ತಿದ್ದೀರಿ.”

“ಹಾಗೆ ಬಿಟ್ರೆ ಕ್ಯಾಪ್ಟನ್ ಕೊಲೆಗಾರ ಆಗ್ತಾನೆ.”

“ಆಗ್ಲಿ. ಆದ್ರೆ ಏನು?”

“ಆದ್ರೆ ಪತ್ರಿಕೆ ಯಾರು ಕೊಳ್ತಾರೆ?” ಎಂದು ಸಂಪಾದಕರು ಪೆನ್ಸಿಲಿನ ಪುಡಿಯನ್ನು ಊದಿದರು. “ನೋಡಿಮ್ಮ, ನಿಮ್ಮ ಕೆಲಸ ಬರೆಯೋದು. ಓದೋದಲ್ಲ.”

“ಓದದೆ ಹೇಗೆ ಸಾರ್ ಬರೆಯೋದು?”

“ಇಷ್ಟು ದಿನ ಹೇಗೆ ಬರೆದ್ರೋ ಹಾಗೆ.”

ಕಮಾಂಡರ್ ಗೆದ್ದವನ ಹಾಗೆ ಬೂಟು ಸದ್ದು ಮಾಡುತ್ತಾ ಹೊರಗೆ ಹೋದ. ಅವಳು ಹಾಳೆ ಹಿಡಿದು ತನ್ನ ಮೇಜಿಗೆ ಬಂದು ಕೂತಳು. ಸಂಪಾದಕರು ಯೋಚಿಸದೆ ಆಡಿದ ಮಾತು ಹದಿನೆಂಟು ವರ್ಷ ಹಳೆಯ ಜಾಗಕ್ಕೆ ಹೋಗಿ ತಗುಲಿತ್ತು.

ಆಗ ಅವಳ ಗಂಡ ಪ್ಲೈವುಡ್ ಕಾರ್ಖಾನೆಯಲ್ಲಿ ಹಲಗೆ ಕತ್ತರಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಕೆಲಸ ಬೇಗ ಸಾಗಲಿ ಎಂದು ಮೇಲಿನವರು ಯಂತ್ರದ ಅಲಗಿಗಿದ್ದ ಕಬ್ಬಿಣದ ಮುಚ್ಚಳ ತೆಗೆಸಿದ್ದರು. ಮೂರನೇ ದಿನ ಅವನ ಬಲಗೈಯ ನಾಲ್ಕು ಬೆರಳು ಹೋದವು. ಆಸ್ಪತ್ರೆಯಲ್ಲಿ ಅವನಿನ್ನೂ ಮಂಪರಿನಲ್ಲಿದ್ದಾಗ ಕಾರ್ಖಾನೆಯ ಅಧಿಕಾರಿಯೊಬ್ಬ ಹಣ್ಣು ಹಿಡಿದು ಬಂದ. ಒಂದು ಕಾಗದ ಬೇಕಿತ್ತು. ಅವನು ಹೇಳುತ್ತಾ ಹೋದ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವಳು ಬರೆದಳು: ತಪ್ಪು ನನ್ನದೇ, ನನ್ನ ಅಜಾಗರೂಕತೆ. ಆಡಳಿತ ಮಂಡಳಿ ತೋರಿದ ಕರುಣೆಗೆ ನಾನೂ ನನ್ನ ಕುಟುಂಬವೂ ಎಂದೆಂದಿಗೂ ಕೃತಜ್ಞರು. ಗಂಡನ ಎಡಗೈಯ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿಸಿದವಳೂ ಅವಳೇ. ಕಾಗದ ಕೊಟ್ಟದ್ದಕ್ಕೆ ಗೇಟಿನಲ್ಲಿ ಕೂರುವ ಕೆಲಸ ಸಿಕ್ಕಿತು. ಅಕ್ಷರ ಅಷ್ಟು ಚಂದ ಇದ್ದದ್ದರಿಂದ ಆ ಕಾಗದವನ್ನು ಗಾಜು ಹಾಕಿಸಿ ಕಾರ್ಖಾನೆಯ ಸೂಚನಾ ಫಲಕದಲ್ಲಿ ತೂಗುಹಾಕಿದರು. ಕೆಲಸ ಬಿಡುವವರೆಗೂ ಅವನು ದಿನಾ ಅದರ ಮುಂದೆ ಹಾದು ಹೋಗಿ ಗೇಟಿನಲ್ಲಿ ಕೂತ.

ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಜಗಳ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. “ನಿನ್ನ ಅಕ್ಷರ ಚೆನ್ನಾಗಿದೆ ಬಿಡು” ಎಂದು ಅವನು ಎದ್ದು ಹೋಗುತ್ತಿದ್ದ.

ಬುಧವಾರ ಅವಳು ಎಲ್ಲ ಪುಟಗಳನ್ನೂ ಬರೆದಳು. ತಂತಿ ನೋವಿನಲ್ಲಿ ಮೀಸೆಯ ತಮಾಷೆ ಮಾಡುವ ಮಾತು ಬರೆದಳು, ಕ್ಯಾಪ್ಟನನ ಮಾತು ಬರೆದಳು, ‘ಢಂ’ ಎಂಬ ದಪ್ಪ ಅಕ್ಷರಕ್ಕೆ ಮಸಿ ತುಂಬಿದಳು. ಆ ಒಂದು ಬಲೂನಿಗೂ ಪೆನ್ಸಿಲಿನ ಗೆರೆ ಹಾಕಿ ಶಾಯಿಯಲ್ಲಿ ನಿಬ್ಬು ಅದ್ದಿದಳು. ಶಾಯಿ ಒಣಗಿತು. ಮತ್ತೆ ಅದ್ದಿದಳು. ಕೊನೆಗೆ ರಬ್ಬರು ತೆಗೆದುಕೊಂಡು ಗೆರೆಗಳನ್ನು ಒರೆಸಿ, ಪುಟವನ್ನು ಉಳಿದವುಗಳ ನಡುವೆ ಸೇರಿಸಿ, ಕಟ್ಟು ಸಂಪಾದಕರ ಮೇಜಿನ ಮೇಲಿಟ್ಟಳು. ಹನ್ನೊಂದು ವರ್ಷದಲ್ಲಿ ಅವಳಿಂದ ಒಂದು ದೀರ್ಘವೂ ತಪ್ಪಿರಲಿಲ್ಲ. ಅವರು ಪುಟ ಎಣಿಸಿ ಸಹಿ ಹಾಕಿದರು.

ಶನಿವಾರ ಪತ್ರಿಕೆ ಅಂಗಡಿಗೆ ಬಂತು. ತಂತಿ ನೆಲದ ಮೇಲೆ ಬಿದ್ದು ಬಾಯಿ ತೆರೆದಿದ್ದಾನೆ, ಬಾಯಿಂದ ಹೊರಟ ಬಲೂನಿನಲ್ಲಿ ಏನೂ ಇಲ್ಲ.

ಸೋಮವಾರ ಅವಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕಮಾಂಡರ್ ಕಾಯುತ್ತಿದ್ದ. ಪತ್ರಿಕೆಯನ್ನು ಅವಳ ಮೇಜಿಗೆ ಎಸೆದ ರಭಸಕ್ಕೆ ಬಿಳಿ ಬಣ್ಣದ ಚಿಪ್ಪು ಉರುಳಿ ನೆಲದ ಮೇಲೆ ಚೆಲ್ಲಿತು.

“ಯಾರ ಅಪ್ಪಣೆ ತಗೊಂಡ್ರಿ?”

“ನೀವು ತಂತಿ ಅಪ್ಪಣೆ ತಗೊಂಡಿದ್ರಾ?”

“ಅವನನ್ನ ಹುಟ್ಸಿದ್ದು ನಾನು!”

“ಹುಟ್ಸಿದ್ದು ನಿಮಗಿಂತ ಮುಂಚೆ ಇದ್ದೋರು. ನೀವು ಬಂದು ಆರು ವರ್ಷ. ಅವನು ನಿಮಗಿಂತ ಸೀನಿಯರು.”

ಚಿತ್ರಗಾರನಾದರೂ ತನ್ನ ಕಡೆ ಇದ್ದಾನೆಂದು ಅವಳು ಅಂದುಕೊಂಡಿದ್ದಳು. ಅವನು ಮುಖ ತಿರುಗಿಸಿದ. “ಎರಡು ದಿನ ಕೂತು ಆ ಮುಖ ಬರ್ದಿದ್ದೆ. ಈಗ ಎಲ್ಲಾರೂ ಬಲೂನು ನೋಡ್ತಾರೆ, ಮುಖ ಯಾರೂ ನೋಡಲ್ಲ. ನಿಮಗೆ ನಿಮ್ಮದೊಂದೇ ಮುಖ್ಯ ಅಲ್ವಾ ಅಕ್ಕ?” ಎಂದ. ಅಂದಿನಿಂದ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವಳ ಪಕ್ಕ ಯಾರೂ ಕೂರಲಿಲ್ಲ.

ಕಾಗದಗಳು ಚೀಲಗಟ್ಟಲೆ ಬಂದವು. ಅಚ್ಚಿನ ತಪ್ಪು ಎಂದು ನಕ್ಕವರು ಕೆಲವರು. ತಂತಿ ಶಾಪ ಹಾಕಿದ್ದಾನೆ, ಅದನ್ನು ಅಚ್ಚು ಹಾಕಲು ನಿಮಗೆ ಧೈರ್ಯ ಬಂದಿಲ್ಲ ಎಂದವರು ಕೆಲವರು. ಕ್ಯಾಪ್ಟನ್ ಕೊಲೆಗಾರ, ಅವನನ್ನು ವಿಚಾರಣೆಗೆ ನಿಲ್ಲಿಸಿ ಎಂದು ಒಬ್ಬ ವಕೀಲ ಎಂಟು ಪುಟ ಬರೆದಿದ್ದ. ದೇಶಕ್ಕಾಗಿ ಸತ್ತವನನ್ನು ಮೂಕನನ್ನಾಗಿ ಮಾಡಿದವರ ಕೈ ಮುರಿಯಬೇಕು ಎಂದೂ ಒಂದು ಕಾಗದವಿತ್ತು. ಆ ವಾರದ ಪ್ರತಿಗಳು ಎರಡೇ ದಿನದಲ್ಲಿ ಮುಗಿದಿದ್ದವು. ಸಂಪಾದಕರು ಅವಳನ್ನು ಕರೆಸಿದರು. ಭಾನುವಾರ ಮಧ್ಯಾಹ್ನ ವಾಚನಾಲಯದ ಸಭಾಂಗಣದಲ್ಲಿ ಓದುಗರ ಸಭೆ ಇದೆ, ಅಲ್ಲಿ ಎದ್ದು ನಿಂತು ಕಣ್ತಪ್ಪಿನಿಂದ ಆಯಿತು ಅನ್ನಬೇಕು, ಹಾಗೆಂದರೆ ಕೆಲಸ ಉಳಿಯುತ್ತದೆ ಎಂದರು.

“ಕಣ್ತಪ್ಪಲ್ಲ ಸಾರ್ ಅದು.”

“ಗೊತ್ತು. ಅದಕ್ಕೇ ಹೇಳಿಕೊಡ್ತಾ ಇರೋದು.”

ಸಭಾಂಗಣದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಕಮಾಂಡರ್ ಬೂಟಿಗೆ ಹೊಳಪು ಹಾಕಿಕೊಂಡು ಬಂದಿದ್ದ. ಯುದ್ಧದಲ್ಲಿ ದಯೆಗೂ ಪಿಸ್ತೂಲಿನ ಆಕಾರ ಇರುತ್ತದೆ ಎಂದು ಅವನು ಹೇಳಿದಾಗ ಅರ್ಧ ಸಭೆ ಚಪ್ಪಾಳೆ ತಟ್ಟಿತು, ಅರ್ಧ ಸಭೆ ಕೂಗಿತು. ಹಿಂದಿನಿಂದ ಒಬ್ಬ ಹೆಂಗಸು “ಹೊತ್ಕೊಂಡು ಹೋಗೋಕೆ ಪ್ರಯತ್ನಾನಾದ್ರೂ ಮಾಡಿದ್ನಾ ನಿಮ್ಮ ಕ್ಯಾಪ್ಟನ್? ಒಂದು ಚೌಕಟ್ಟಲ್ಲಾದ್ರೂ?” ಎಂದು ಕೇಳಿದಳು. ಅವನು ನೀರು ಕುಡಿದ. ಆಮೇಲೆ ಸಂಪಾದಕರು ಬಲೂನಕ್ಕನ ಕಡೆ ಕೈ ತೋರಿಸಿದರು.

ಅವಳು ಎದ್ದು ನಿಂತಳು. “ಬೇಕೂಂತ ಬಿಟ್ಟೆ. ಸಾಯೋನು ಕೊಂದೋನಿಗೆ ಥ್ಯಾಂಕ್ಸ್ ಹೇಳ್ತಾನೆ ಅನ್ನೋದು ಕೊಂದೋರು ಕಟ್ಟಿದ ಮಾತು. ಅದನ್ನ ನನ್ನ ಕೈಯಿಂದ ಬರೆಯಲ್ಲ.”

ಗಲಾಟೆ ಎದ್ದಿತು. ಅದು ತಗ್ಗುವವರೆಗೆ ಕಾದು, ನಡುಸಾಲಿನಲ್ಲಿ ಒಬ್ಬ ಗಂಡಸು ಎದ್ದ. ಅರವತ್ತು ದಾಟಿದ ಒಣಕಲು ದೇಹ, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ, ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೀಗ ರಿಪೇರಿ ಮಾಡುತ್ತೇನೆ, ಅದಕ್ಕೂ ಮುಂಚೆ ಸೈನ್ಯದಲ್ಲಿದ್ದೆ ಎಂದ.

“ನಮ್ಮಲ್ಲಿ ಹೀಗೇ ಒಬ್ಬ ಇದ್ದ. ಹೊಟ್ಟೇಗೇ ಬಿದ್ದಿತ್ತು. ಅವನೇ ಕೇಳ್ದ, ಮುಗಿಸಿಬಿಡು ಅಂತ. ನಾನು ಮುಗಿಸ್ದೆ. ಅದಕ್ಕೆ ಮುಂಚೆ ಅವನು ನನ್ನ ಕೈ ಹಿಡ್ಕೊಂಡು, ದೊಡ್ಡ ಉಪಕಾರ ಆಯ್ತು ಕಣೋ ಅಂದ. ಮೂವತ್ತೆರಡು ವರ್ಷದಿಂದ ಆ ಒಂದು ಮಾತು ಹಿಡ್ಕೊಂಡು ಅನ್ನ ತಿಂತಿದ್ದೀನಿ. ಅವನು ಹಾಗನ್ನಲಿಲ್ಲ ಅನ್ನೋಕೆ ನೀವು ಯಾರಮ್ಮಾ?”

ಅಲ್ಲಿ ಅವಳು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಮುಗಿಸು ಎಂದು ತಂತಿ ಕೇಳಿರಲಿಲ್ಲ, ಇವನು ಹೇಳುವ ಸೈನಿಕ ಕೇಳಿದ್ದ. ಎರಡೂ ಬೇರೆ ಎಂದಿದ್ದರೂ ಸಾಕಿತ್ತು, ಅದು ಅವಳ ವಾದವೇ. ಆದರೆ ಒಂದು ವಾರದಿಂದ ಎಲ್ಲರ ಬೈಗುಳ ತಿಂದ ನಾಲಿಗೆ ಅವಳ ಹತೋಟಿಯಲ್ಲಿರಲಿಲ್ಲ.

“ಅವನು ಹಾಗಂದದ್ದು ನಿಮಗೆ ಕೇಳಿಸ್ತಾ?” ಎಂದಳು. “ಇಲ್ಲ, ನಿಮಗೆ ಹಾಗೆ ಕೇಳಿಸ್ಬೇಕಾಗಿತ್ತಾ?”

ಬೀಗದವನು ಬಾಯಿ ತೆರೆದ. ಹಾಗೆಯೇ ತಿರುಗಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದ. ಜನ ಮೊಣಕಾಲು ಸರಿಸಿ ದಾರಿ ಕೊಟ್ಟರು. ಬಾಗಿಲು ದಾಟುವವರೆಗೂ ಕೀಲಿಕೈಗಳ ಸದ್ದು ಕೇಳಿಸುತ್ತಿತ್ತು. ಆಮೇಲೆ ಯಾರೋ “ಥೂ” ಎಂದರು. ಆ ಮಾತು ಅವಳಿಗೇ ಎಂದು ಅವಳಿಗೂ ಗೊತ್ತಾಯಿತು.

“ಅಕ್ಕ, ಇದೊಂದು ಬೇಕಿರಲಿಲ್ಲ” ಎಂದ ಕಮಾಂಡರ್. ಅವನ ದನಿಯಲ್ಲಿ ಮೊದಲ ಸಲ ಬೂಟಿನ ಸದ್ದಿರಲಿಲ್ಲ.

ಮಾರನೆಯ ದಿನ ಸಂಪಾದಕರು ಮೆಲ್ಲಗೆ ಹೇಳಿದರು: “ಬಲೂನಿಗಾಗಿ ಕಳಿಸ್ತಿಲ್ಲ. ನಿನ್ನೆ ಆಡಿದ ಮಾತಿಗೆ ಕಳಿಸ್ತಿದ್ದೀನಿ.” ಅವಳು ನಿಬ್ಬುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಇಳಿದಳು. ಚಿತ್ರಗಾರ ತಲೆ ಎತ್ತಲಿಲ್ಲ.

ಹನ್ನೊಂದು ಗಂಟೆಗೇ ಮನೆಗೆ ಬಂದ ಹೆಂಡತಿಯನ್ನು ನೋಡಿ ಗಂಡನಿಗೆ ಅರ್ಥವಾಯಿತು. ಅವನು ಅಡುಗೆಮನೆಯ ಬಾಗಿಲಿನಲ್ಲಿ ಕೂತು ಎಡಗೈಯಲ್ಲಿ ಬೀನ್ಸ್ ಮುರಿಯುತ್ತಿದ್ದ. ಅವಳು ಮೊದಲಿನಿಂದ ಕೊನೆವರೆಗೆ ಹೇಳಿದಳು. ಎಲ್ಲೋ ಒಂದು ಕಡೆ ಅವನು ತನ್ನ ಪರ ನಿಲ್ಲುತ್ತಾನೆ ಎಂದು ಎಣಿಸಿದ್ದಳು. ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

“ಕಾಗದದ ಮೇಲಿನ ಮನುಷ್ಯನಿಗೋಸ್ಕರ ಕೆಲಸ ಕಳ್ಕೊಂಡು ಬಂದೆ.”

“ರೀ, ನಿಮ್ಮ ಕಾಗದ ನೆನೆಸ್ಕೊಂಡೇ ನಾನು...”

“ನನ್ನ ಹೆಸ್ರು ತರ್ಬೇಡ. ಆವತ್ತು ಬರೀಬೇಡ ಅಂತ ನಾನು ಹೇಳ್ಲಿಲ್ಲ. ಬರೀದೆ ಇದ್ರೆ ಗೇಟಿನ ಕೆಲಸಾನೂ ಸಿಗ್ತಿರ್ಲಿಲ್ಲ, ನನಗೂ ಗೊತ್ತು. ಅದಕ್ಕಲ್ಲ ನನ್ನ ಸಿಟ್ಟು.”

“ಮತ್ಯಾವುದಕ್ಕೆ? ಹದಿನೆಂಟು ವರ್ಷದಿಂದ ಕುಟುಕ್ತಾನೇ ಇದ್ದೀರಿ. ಬಾಯಿಬಿಟ್ಟು ಹೇಳಿ ಸಾಯಿ!” ಎಂದು ಅವಳು ಕಿರುಚಿದಳು. ಅಂದ ಮೇಲೆ ತುಟಿ ಕಚ್ಚಿಕೊಂಡಳು.

ಅವನು ಮಾತ್ರ ದನಿ ಏರಿಸಲಿಲ್ಲ. “ನಾನು ಎಚ್ಚರವಾಗಿದ್ದೆ. ಮಂಪರು ಅಂತ ನೀವಿಬ್ರೂ ಅಂದ್ಕೊಂಡ್ರಿ. ಆ ಮನುಷ್ಯ ಹೇಳ್ತಾ ಇದ್ದ, ನೀನು ಬರೀತಾ ಇದ್ದೆ. ಒಂದು ಸಲ, ಒಂದೇ ಒಂದು ಸಲ ನನ್ನ ಮುಖ ನೋಡ್ತೀಯಾ ಅಂತ ಕಾದೆ. ನೀನು ನೋಡ್ಲಿಲ್ಲ. ಸಾಲು ಓರೆ ಆಗ್ಬಾರ್ದು ಅಂತ ನಾಲಿಗೆ ಕಚ್ಕೊಂಡು ಅಕ್ಷರ ನೋಡ್ತಾ ಕೂತಿದ್ದೆ.”

ಅವಳಿಗೆ ಅದು ನೆನಪಿತ್ತು. ಸ್ಟೂಲು ಅಲ್ಲಾಡುತ್ತಿತ್ತು. ಕಾಗದದ ಕೆಳಗೆ ಇಟ್ಟುಕೊಂಡ ರಟ್ಟು ಜಾರುತ್ತಿತ್ತು. ಅಂಥದರಲ್ಲೂ ಸಾಲು ನೆಟ್ಟಗೆ ಬಂದದ್ದಕ್ಕೆ ಒಳಗೊಳಗೇ ಹೆಮ್ಮೆ ಪಟ್ಟಿದ್ದಳು. ಅದನ್ನು ಗಂಡನಿಗೆ ಹೇಳಲಿಲ್ಲ. ಅವನು ಮತ್ತೆ ತಟ್ಟೆ ಎಳೆದುಕೊಂಡು ಬೀನ್ಸ್ ಮುರಿಯತೊಡಗಿದ.

ಕೆಲಸವೇನೋ ಸಿಕ್ಕಿತು. ಅಪ್ಪನ ಹಾಗೆ ಅವಳೂ ಅಂಗಡಿಗಳ ಬೋರ್ಡು ಬರೆಯಲು ಏಣಿ ಹತ್ತಿದಳು. ಎರಡು ವಾರ ಬಿಟ್ಟು ಒಂದು ಬೆಳಗ್ಗೆ ಬಸ್ ನಿಲ್ದಾಣದ ಹಿಂದಿನ ಬೀದಿಗೆ ಹೋದಳು. ಬೀಗದವನ ಅಂಗಡಿ ಎರಡು ಗೋಡೆಗಳ ನಡುವೆ ತುರುಕಿಟ್ಟ ಬೀರುವಿನಷ್ಟಿತ್ತು. ಮೊಳೆಗಳಿಗೆ ನೂರಾರು ಕೀಲಿಕೈ ತೂಗಿದ್ದವು. ಅವನು ಕೀಲಿ ಉಜ್ಜುವ ಅರವನ್ನು ಕೆಳಗಿಡದೆ ಅವಳನ್ನು ನೋಡಿದ.

“ಬೀಗ ತಂದಿದ್ದೀರಾ?”

“ಇಲ್ಲ. ಆವತ್ತಿನ ಮಾತು...”

“ಬೀಗ ತಂದಿದ್ರೆ ಕೊಡಿ. ಇಲ್ಲಾಂದ್ರೆ ಹೊರಡಿ.”

ಹೊರಟಳು.

ನಾಲ್ಕು ತಿಂಗಳ ಮೇಲೆ ‘ಉಕ್ಕಿನ ತುಕಡಿ’ಯ ಮುಖಪುಟದಲ್ಲಿ ತಂತಿ ಮತ್ತೆ ಕಾಣಿಸಿಕೊಂಡ. ಹೊಟ್ಟೆಗೆ ಪಟ್ಟಿ, ಬೆನ್ನಿಗೆ ಪೆಟ್ಟಿಗೆ, ಮುಖದಲ್ಲಿ ಅದೇ ನಗು. ಕ್ಯಾಪ್ಟನ್ ಗಾಳಿಯಲ್ಲಿ ಗುಂಡು ಹಾರಿಸಿದ್ದನಂತೆ. ಶತ್ರುಗಳಿಗೆ ಸತ್ತನೆಂಬ ಭ್ರಮೆ ಹುಟ್ಟಿಸಲು ತಂತಿ ಮಾತೇ ಆಡಿರಲಿಲ್ಲವಂತೆ, ಅದಕ್ಕೇ ಬಲೂನು ಖಾಲಿ. ಓದುಗರು ಕುಣಿದಾಡಿದರು. ಅಂಗಡಿಯ ಮುಂದೆ ನಿಂತು ಬಲೂನಕ್ಕ ಪುಟ ತಿರುವಿದಳು. ಯಾರೋ ಹೊಸಬರು ಬರೆದ ಅಕ್ಷರ ಕಡ್ಡಿಯ ಹಾಗಿತ್ತು. ತಂತಿಯ ಮಾತಿಗೂ ಕ್ಯಾಪ್ಟನನ ಮಾತಿಗೂ ವ್ಯತ್ಯಾಸವೇ ಇರಲಿಲ್ಲ. ಈಗ ಯಾರೂ ಯಾರನ್ನೂ ಕೊಂದಿರಲಿಲ್ಲ, ಯಾರ ಎದೆಯ ಮೇಲೂ ಏನೂ ಉಳಿದಿರಲಿಲ್ಲ. ಕೃತಜ್ಞ ಎಂದು ಬರೆದಿದ್ದರೇ ವಾಸಿಯಿತ್ತೇನೋ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಪತ್ರಿಕೆಯನ್ನು ಅಲ್ಲೇ ಇಟ್ಟು ಬೀಗದವನ ಅಂಗಡಿಗೆ ನಡೆದಳು.

ಅವನ ಮುಂದೆಯೂ ಅದೇ ಸಂಚಿಕೆ ಬಿದ್ದಿತ್ತು.

“ನಿಮ್ಮೋನನ್ನ ಬದುಕಿಸಿಬಿಟ್ರಲ್ಲ” ಎಂದ. “ನಮ್ಮೋನನ್ನ?”

ಅವಳು ಬಾಗಿಲ ಬಳಿಯಿದ್ದ ಸ್ಟೂಲಿನ ಮೇಲೆ, ಹೇಳಿಸಿಕೊಳ್ಳದೆ, ಕೂತಳು. ಅವನು ಈ ಸಲ ಹೊರಡಿ ಅನ್ನಲಿಲ್ಲ. ಬೈಯತೊಡಗಿದ. ಅವಳನ್ನು, ಪತ್ರಿಕೆಯನ್ನು, ಸಭೆಯಲ್ಲಿ ಬಾಯಿ ಮುಚ್ಚಿ ಕೂತ ಜನರನ್ನು, ಯುದ್ಧದಿಂದ ಹಿಂದಿರುಗಿದವನ ಕೈಗೆ ಒಂದು ಅರ ಕೊಟ್ಟು ಮರೆತ ದೊಡ್ಡವರನ್ನು. “ಮೂವತ್ತೆರಡು ವರ್ಷ ಅವನ ದನಿ ಕಿವೀಲಿತ್ತು. ನೀವು ಕೇಳಿದ ದಿನದಿಂದ ಇಲ್ಲ. ತುಟಿ ಆಡೋದು ಕಾಣುತ್ತೆ. ಅಂದ್ನೋ ಇಲ್ವೋ, ಗೊತ್ತಾಗಲ್ಲ. ಖುಷೀನಾ ನಿಮಗೆ?”

“ಇಲ್ಲ.”

“ಕೊಡ್ತೀರಾ ವಾಪಸ್ಸು?”

“ನನ್ನ ಕೈಲಿ ಆಗಲ್ಲ. ತಪ್ಪು ಮಾಡ್ದೆ.”

“ತಪ್ಪು ಮಾಡ್ದೆ ಅನ್ನೋದು ಸುಲಭ.”

“ಹೌದು” ಎಂದಳು. ಉತ್ತರ ನಾಲಿಗೆಯ ತುದಿಗೆ ಬಂದಾಗಲೆಲ್ಲ ನುಂಗಿಕೊಂಡಳು. ನಡುವೆ ಒಬ್ಬ ಹೆಂಗಸು ಕಪಾಟಿನ ಕೀಲಿಕೈ ಮಾಡಿಸಲು ಬಂದಳು. “ಸ್ವಲ್ಪ ಜರುಗಿ, ಬೆಳಕಿಗೆ ಅಡ್ಡ” ಎಂದು ಬೀಗದವನು ಬಲೂನಕ್ಕನಿಗೆ ಗದರಿದ. ಅವಳು ಸ್ಟೂಲು ಎಳೆದುಕೊಂಡು ಜರುಗಿದಳು. ಕೀಲಿಕೈ ಉಜ್ಜಿ ಕೊಟ್ಟು ಮತ್ತೆ ಶುರುಮಾಡಿದ. ಈಗ ಬೈಗುಳದ ನಡುವೆ ಸತ್ತವನೂ ಬರತೊಡಗಿದ್ದ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದನಂತೆ. ಬೇರೆಯವರ ಸೋಪು ಕದ್ದು, ಕದ್ದವರಾರು ಎಂದು ತಾನೇ ಗದ್ದಲ ಎಬ್ಬಿಸುತ್ತಿದ್ದನಂತೆ.

“ಊರಲ್ಲಿ ಯಾರಿದ್ರು ಅವರಿಗೆ?” ಎಂದು ಅವಳು ಕೇಳಿದಳು.

“ಅದು ನಿಮಗ್ಯಾಕೆ?” ಎಂದು ಅವನು ಬಾಗಿಲು ಎಳೆಯಲು ಎದ್ದ. ಊಟದ ಹೊತ್ತಾಗಿತ್ತು.

ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದಳು. ಮನೆಗೆ ಬಂದಾಗ ಎರಡು ಗಂಟೆ. ಗಂಡ ಊಟ ಮಾಡದೆ ಕಾಯುತ್ತಿದ್ದ, ಆದ್ದರಿಂದಲೇ ಸಿಡುಕುತ್ತಿದ್ದ.

“ಎಲ್ಲಿಗೆ ಹೋಗಿದ್ದೆ?”

“ಬೈಸಿಕೊಳ್ಳೋಕೆ.”

“ಯಾಕೆ, ಮನೇಲಿ ಸಾಲದಾಗಿತ್ತಾ?”

“ಸಾಲ್ಲಿಲ್ಲ” ಎಂದು ಅವಳು ಚಪ್ಪಲಿ ಬಿಟ್ಟು, ಅವನ ಎದುರಿಗೆ ನಿಂತು, ಅವನ ಮುಖವನ್ನೇ ನೋಡಿದಳು.

ಅವನಿಗೆ ಏನು ಅರ್ಥವಾಯಿತೋ, ಕಾಲಿನಿಂದ ಮಣೆಯನ್ನು ಅವಳ ಕಡೆ ತಳ್ಳಿದ. “ಹಾಗಾದ್ರೆ ಕೂತ್ಕೋ” ಎಂದ. “ನಂದೂ ಇನ್ನೂ ಮುಗಿದಿಲ್ಲ.”